ಸೂಜಿಯ ಜ್ವರ

ನಮ್ಮ ವಾಡೆಯಲ್ಲಿ ಆ ವರ್ಷದ ಮೊದಲ ಇಲಿ ಸತ್ತು ಬಿದ್ದದ್ದು ಮಹಡಿಯ ಮೆಟ್ಟಿಲ ಮೇಲೆ. ನೋಡಿದವಳು ನಾನೇ. ನನಗೆ ಆಗ ಹತ್ತು ವರ್ಷ. ಕೊಡ ಹಿಡಿದು ನೀರಿಗೆ ಇಳಿಯುತ್ತಿದ್ದವಳು ಅಲ್ಲೇ ನಿಂತು ಅವ್ವನನ್ನು ಕೂಗಿದೆ. ಅವ್ವ ಬಂದು ನೋಡಿ ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡಳು. ಇಲಿ ಸತ್ತರೆ ಏನರ್ಥವೆಂದು ಆಗಿನ ಪುಣೆಯಲ್ಲಿ ಮಕ್ಕಳಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಇಲಿ, ಎಂಟು ಹತ್ತು ದಿನಕ್ಕೆ ಮನುಷ್ಯರು. ಜ್ವರ ಬಂದು, ಬಗಲಲ್ಲೋ ತೊಡೆಸಂದಿಯಲ್ಲೋ ಗಂಟು ಎದ್ದರೆ ಅದು ಪ್ಲೇಗು, ಅಲ್ಲಿಗೆ ಮುಗಿಯಿತು.

ಅಪ್ಪ ಸರಕಾರಿ ಕಚೇರಿಯಲ್ಲಿ ಕಾರಕೂನ. ಧಾರವಾಡದ ಕಡೆಯಿಂದ ಬದಲಿಯಾಗಿ ಬಂದು ಹಲವು ಸಂಸಾರಗಳಿದ್ದ ಪೇಟೆಯ ಆ ವಾಡೆಯಲ್ಲಿ ಎರಡು ಕೋಣೆ ಹಿಡಿದಿದ್ದ. ನಾನು, ನನ್ನ ತಂಗಿ, ಅವ್ವ, ಅಪ್ಪ, ಇಷ್ಟೇ ಮನೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಮರಾಠಿ. ಕೋಣೆಯ ಮೂಲೆಯಲ್ಲಿ ಅಪ್ಪನ ದೇವರ ಪೆಟ್ಟಿಗೆ. ಅದರಲ್ಲಿ ಗೇಣುದ್ದದ ಪ್ರಾಣದೇವರು, ಹನುಮಂತನ ವಿಗ್ರಹ. ಅಪ್ಪ ಕಚೇರಿಗೆ ಹೋಗುವ ಮೊದಲು ಒಂದು ತಾಸು ಅದರ ಮುಂದೆ ಕೂಡುತ್ತಿದ್ದ. ಆ ಹೊತ್ತಿನಲ್ಲಿ ನಾವು ಪಿಸುಗುಟ್ಟುವಂತೆಯೂ ಇರಲಿಲ್ಲ.

ಇಲಿ ಬಿದ್ದ ಮರುದಿನದಿಂದ ವಾಡೆ ಖಾಲಿಯಾಗತೊಡಗಿತು. ನದಿಯ ಆಚೆ ಹೊಲಗಳಲ್ಲಿ ಜನ ತಟ್ಟಿ, ತಗಡು, ಹುಲ್ಲಿನಿಂದ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕೆಳಗಿನ ಮನೆಯ ಮರಾಠಿ ಆಜಿ ತನ್ನ ಹಾಸಿಗೆ ಪಾತ್ರೆಗಳನ್ನು ಗಾಡಿಗೆ ಹೇರಿಸಿ ಅಪ್ಪನ ಹತ್ತಿರ ಬಂದಳು. ತನ್ನ ಮಗ ಹಾಕಿಸಿದ ಗುಡಿಸಲು ದೊಡ್ಡದಿದೆ, ನಡುವೆ ಒಂದು ತಟ್ಟಿ ಕಟ್ಟಿದರೆ ಎರಡು ಸಂಸಾರ ಹಿಡಿಯುತ್ತದೆ, ಮಕ್ಕಳನ್ನು ಇಲ್ಲಿ ಇಡಬೇಡಿ ಎಂದು ಕೈಹಿಡಿದು ಹೇಳಿದಳು. ಅಪ್ಪ ನಮಸ್ಕಾರ ಮಾಡಿ, ನಮಗೆ ನಮ್ಮ ದೇವರಿದ್ದಾನೆ ಎಂದ.

ಅವಳು ಹೋದ ಮೇಲೆ ಅವ್ವ ಬಾಗಿಲ ಹಿಂದೆ ನಿಂತು ಕೇಳಿದಳು. "ನಮ್ಮಷ್ಟಕ್ಕ ನಾವು ಇರೋದು ಬ್ಯಾರೆ. ಹುಡುಗ್ರು ಅದಾವಲ್ರಿ."

"ಹುಡುಗ್ರನ್ನ ಕೊಟ್ಟಾವ ಯಾರು?" ಅಂದ ಅಪ್ಪ. "ಕೊಟ್ಟಾವಗ ಕಾಯೋದೂ ಗೊತ್ತದ."

ಇದು ಬಾಯಿಮಾತಾಗಿರಲಿಲ್ಲ. ಅಪ್ಪನಿಗೆ ಆರು ವರ್ಷವಿದ್ದಾಗ ಅವರ ಊರಿಗೆ ಕಾಲರಾ ಬಂದು ಮೂರು ದಿನಗಳಲ್ಲಿ ಮನೆಯ ಐದು ಜನ ಹೋಗಿದ್ದರು. ಅವನ ತಾಯಿ ತಾನೂ ರೋಗ ಹತ್ತಿ ಮಲಗುವ ಮುಂಚೆ ಅವನನ್ನು ಎತ್ತಿ ತಂದು ಪ್ರಾಣದೇವರ ಗುಡಿಯ ಕಟ್ಟೆಯ ಮೇಲೆ ಕೂಡಿಸಿ, ಇನ್ನು ಇವನು ನಿನ್ನವನು ಎಂದು ಹೇಳಿ ಹೋದಳಂತೆ. ಅವನೊಬ್ಬನೇ ಉಳಿದ. ಈ ಕಥೆಯನ್ನು ಅವನು ವರ್ಷಕ್ಕೊಮ್ಮೆ, ತಾಯಿಯ ಶ್ರಾದ್ಧದ ದಿನ ಮಾತ್ರ ಹೇಳುತ್ತಿದ್ದ. ಆ ಕಟ್ಟೆಯ ಮೇಲಿಂದ ಅವನು ಎಂದೂ ಇಳಿಯಲೇ ಇಲ್ಲವೆಂದು ಈಗ ನನಗೆ ಅನಿಸುತ್ತದೆ. ಅವನ ಹಟವನ್ನು ನಾನು ಕ್ಷಮಿಸಿದ್ದೇನೆಂದಲ್ಲ. ಅದು ಎಲ್ಲಿಂದ ಬಂತೆಂಬುದು ಗೊತ್ತಿದೆ, ಅಷ್ಟೇ.

ಆ ವಾರ ವಾಡೆಯಲ್ಲಿ ಇನ್ನೂ ನಾಲ್ಕು ಇಲಿ ಬಿದ್ದವು. ಒಂದು ಬೆಳಿಗ್ಗೆ ಅಪ್ಪ ಕಚೇರಿಗೆ ಹೋದ ಮೇಲೆ ಅವ್ವ ನಮ್ಮಿಬ್ಬರಿಗೂ ತಲೆ ಬಾಚಿ, ಗುಡಿಗೆ ಹೋಗೋಣ ಅಂದಳು. ಗುಡಿಯ ದಾರಿ ಬಿಟ್ಟು ನಾವು ಒಂದು ಶಾಲೆಯ ಮುಂದೆ ಬಂದು ನಿಂತೆವು. ಶಾಲೆ ಮುಚ್ಚಿತ್ತು. ಅದರ ಪಡಸಾಲೆಯಲ್ಲಿ ಒಬ್ಬ ಡಾಕ್ಟರು, ಒಂದು ಮೇಜು, ಒಂದು ಸ್ಟೋವು. ಅದರ ಮೇಲೆ ಕುದಿಯುವ ನೀರಿನಲ್ಲಿ ಸೂಜಿಗಳು. ಹೆಂಗಸರ ಸಾಲಿನಲ್ಲಿ ಏಳೆಂಟು ಜನರಷ್ಟೇ ಇದ್ದರು. ಪ್ಲೇಗು ಬಾರದಿರಲೆಂದು ಹಾಕುವ ಆ ಸೂಜಿ ಹಾಕಿಸಿಕೊಂಡರೆ ಸಾಯುತ್ತಾರೆ, ಬಂಜೆಯಾಗುತ್ತಾರೆ, ಜಾತಿ ಕೆಡುತ್ತದೆ ಎಂದೆಲ್ಲ ಜನ ಆಡಿಕೊಳ್ಳುತ್ತಿದ್ದ ಕಾಲ. ಇದೆಲ್ಲವನ್ನೂ ಅವ್ವ ಕೇಳಿದ್ದಳು, ಅರ್ಧಕ್ಕರ್ಧ ನಂಬಿಯೂ ಇದ್ದಳು. ಸಾಲಿನಲ್ಲಿ ನಿಂತಾಗ ಅವಳ ತುಟಿ ಒಂದೇ ಸಮ ಅಲುಗುತ್ತಿತ್ತು. ಪ್ರಾಣದೇವರ ಹೆಸರನ್ನೇ ಹೇಳುತ್ತಿದ್ದಳು. ನನ್ನ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಸೂಜಿಗಿಂತ ಅದೇ ಹೆಚ್ಚು ನೋಯಿತು.

ಮೊದಲು ತಾನು ಹಾಕಿಸಿಕೊಂಡಳು, ಆಮೇಲೆ ನಾನು, ಆಮೇಲೆ ತಂಗಿ. ವಾಪಸು ಬರುವಾಗ ಅವ್ವ ಓಣಿಯ ತಿರುವಿನಲ್ಲಿ ನಿಂತು ಹೇಳಿದಳು: "ಅಪ್ಪಗ ಹೇಳಬ್ಯಾಡ್ರಿ. ಯಾರಿಗೂ ಹೇಳಬ್ಯಾಡ್ರಿ. ರಟ್ಟಿ ಯಾಕ ಬಾತದ ಅಂತ ಯಾರರ ಕೇಳಿದರ ಮೆಟ್ಟಲದಾಗ ಬಿದ್ದೆ ಅನ್ರಿ."

ಸೂಜಿಯ ಜ್ವರದ ಬಗ್ಗೆ ಡಾಕ್ಟರು ಹೇಳಿದ್ದರು. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಆದರೆ ಅದು ಅಷ್ಟು ಜೋರಾಗಿ ಬರುತ್ತದೆಂದು ಅವ್ವ ಎಣಿಸಿರಲಿಲ್ಲ. ಅಪ್ಪ ಕಚೇರಿಯಿಂದ ಬರುವ ಹೊತ್ತಿಗೆ ನಾವಿಬ್ಬರೂ ಹಾಸಿಗೆ ಹಿಡಿದಿದ್ದೆವು. ಅಪ್ಪ ಕೋಟನ್ನೂ ಕಳಚದೆ ಬಂದು ನನ್ನ ಹಣೆ ಮುಟ್ಟಿದ. ಆಮೇಲೆ ಬಗಲಿಗೆ ಕೈ ಹಾಕಿದ. ಸೂಜಿ ಹಾಕಿದ ಬದಿಯಲ್ಲಿ ಸಣ್ಣ ಗಂಟು ಎದ್ದಿತ್ತು. ಅವನ ಮುಖ ಬಿಳಚಿಕೊಂಡದ್ದನ್ನು ನಾನು ಜ್ವರದಲ್ಲೂ ನೋಡಿದೆ. ತಂಗಿಗೂ ಹಾಗೆಯೇ ಇತ್ತು.

ಅವ್ವ ಒಲೆಯ ಹತ್ತಿರ ನಿಂತಿದ್ದಳು. ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವಳಿಗೂ ಮೈ ಸುಡುತ್ತಿತ್ತು, ಸೆರಗು ಹೊದ್ದು ಮರೆಮಾಡಿಕೊಂಡು ಓಡಾಡುತ್ತಿದ್ದಳು. ತಿರುಗಿ ಒಲೆಗೆ ಸೌದೆ ಒಟ್ಟಿದಳು.

ಅಪ್ಪ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ದೇವರ ಮುಂದೆ ಕೂತ. ಊಟವಿಲ್ಲ, ನೀರಿಲ್ಲ. ಮರುದಿನ ಕಚೇರಿಗೂ ಹೋಗಲಿಲ್ಲ. ನಡುನಡುವೆ ಎದ್ದು ಬಂದು ನಮ್ಮ ಬಾಯಿಗೆ ತೀರ್ಥ ಬಿಟ್ಟು, ಬಗಲು ಮುಟ್ಟಿ ನೋಡಿ ಮತ್ತೆ ಹೋಗಿ ಕೂಡುತ್ತಿದ್ದ. ಒಮ್ಮೆ ಅವನು ಅಳುವುದು ಕೇಳಿಸಿತು. "ನನ್ನ ತಗೊ, ಅವನ್ನ ಬಿಡು" ಎನ್ನುತ್ತಿದ್ದ. ಗಂಡಸು ಅಳುವುದನ್ನು ನಾನು ಅದೇ ಮೊದಲು ಕೇಳಿದ್ದು. ಆ ದಿನ ಅಪ್ಪ ಪಟ್ಟ ಭಯವೂ ನಿಜ, ಇಟ್ಟ ನಂಬಿಕೆಯೂ ನಿಜ. ಅವನ ಎದುರಿಗಿದ್ದ ರೋಗ ಮಾತ್ರ ಸುಳ್ಳಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ನನಗೆ ಬೆವರಿತು. ಸಂಜೆಗೆ ತಂಗಿ ಎದ್ದು ಕೂತು ಅನ್ನ ಕೇಳಿದಳು. ಅಪ್ಪ ನಮ್ಮಿಬ್ಬರನ್ನೂ ದೇವರ ಮುಂದೆ ಅಡ್ಡಬೀಳಿಸಿ, ತಾನೂ ಬಿದ್ದು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಅವನ ಮುಖ ಬೇರೆಯವನ ಮುಖದಂತಿತ್ತು.

ಎರಡು ದಿನಗಳಲ್ಲಿ ಸುದ್ದಿ ಹಬ್ಬಿತು. ಕಾರಕೂನರ ಮನೆಯಲ್ಲಿ ಎರಡು ಹುಡುಗಿಯರಿಗೆ ಪ್ಲೇಗು ಬಂದು, ಗಂಟು ಎದ್ದು, ಪ್ರಾಣದೇವರ ತೀರ್ಥದಿಂದ ಇಳಿದುಹೋಯಿತು ಎಂದು. ಪೇಟೆಯಲ್ಲಿ ಇನ್ನೂ ಉಳಿದಿದ್ದ ನಮ್ಮ ಕಡೆಯ ಜನ ಒಬ್ಬೊಬ್ಬರಾಗಿ ಬಂದು ತೀರ್ಥ ತೆಗೆದುಕೊಂಡು ಹೋದರು. ಅಪ್ಪ ಯಾರನ್ನೂ ಕರೆಯಲಿಲ್ಲ, ಬಂದವರಿಗೆ ಇಲ್ಲವೆನ್ನಲೂ ಇಲ್ಲ.

ಹೀಗೆ ಬಂದವರಲ್ಲಿ ನಾನು ಕಾಕಾ ಎನ್ನುತ್ತಿದ್ದ ಅಪ್ಪನ ಗೆಳೆಯರೊಬ್ಬರೂ ಇದ್ದರು. ಅದೇ ಕಚೇರಿಯ ಇನ್ನೊಬ್ಬ ಕಾರಕೂನ, ವಿಜಾಪುರದ ಕಡೆಯವರು. ಮನೆ ಪಕ್ಕದ ಓಣಿಯಲ್ಲಿ, ನಮ್ಮ ಮಹಡಿಯ ಕಿಟಕಿಗೆ ಕಾಣುವಷ್ಟು ಹತ್ತಿರ. ಅವರ ಹೆಂಡತಿ, ನನಗೆ ಕಾಕು, ಅವ್ವನಿಗೆ ಆ ಊರಿನಲ್ಲಿ ಬಾಯಿತುಂಬ ಕನ್ನಡ ಆಡಲು ಇದ್ದ ಒಬ್ಬಳೇ ಗೆಳತಿ. ಅವರ ಒಬ್ಬಳೇ ಮಗಳು ನನ್ನ ವಾರಿಗೆಯವಳು. ನಾವಿಬ್ಬರೂ ದಿನದ ಅರ್ಧ ಹೊತ್ತು ಒಬ್ಬರ ಮನೆಯಲ್ಲಿ ಒಬ್ಬರು ಇರುತ್ತಿದ್ದೆವು. ಹುಣಸೆಬೀಜ ಆಡುವಾಗ ಅವಳು ಮೋಸ ಮಾಡುತ್ತಿದ್ದಳು, ಹಿಡಿದರೆ ಜೋರಾಗಿ ನಕ್ಕು ತಾನೇ ಒಪ್ಪಿಕೊಳ್ಳುತ್ತಿದ್ದಳು.

ಕಾಕಾ ಬಂದ ದಿನ ಅವರ ಮನೆಯ ಮುಂದೆ ಗಾಡಿ ನಿಂತಿತ್ತು. ಅರ್ಧ ಸಾಮಾನು ಹೇರಿ ಆಗಿತ್ತು. ಹೋಗುವ ಮುನ್ನ ತೀರ್ಥ ತೆಗೆದುಕೊಂಡು ಹೋಗೋಣವೆಂದು ಬಂದಿದ್ದರು. ನನ್ನನ್ನು ಹತ್ತಿರ ಕರೆದು ಹಣೆ ಮುಟ್ಟಿ ನೋಡಿದರು.

"ರಾಯರ, ನಾ ಹೋಗಲೊ ಇರಲೊ, ನೀವ ಹೇಳ್ರಿ," ಅಂದರು.

"ಹೇಳಾವ ನಾ ಅಲ್ಲ," ಅಂದ ಅಪ್ಪ. "ನನ್ನ ಮನ್ಯಾಗ ಏನಾತು ಅಂತ ಕಣ್ಣಿಗೆ ಕಾಣಸ್ತದಲ್ಲ? ಹೊಲದಾಗ ಹೋಗಿ ಕೂತರ ಅಲ್ಲಿ ಸಾವು ಬರೂದಿಲ್ಲೇನು? ನಂಬಿದರ ಪೂರ್ತಿ ನಂಬಬೇಕ್ರಿ. ಒಂದ ಕಾಲ ಗಾಡಿಯಾಗ, ಒಂದ ಕಾಲ ಗುಡಿಯಾಗ ಇಟ್ಟರ ಆಗೂದಿಲ್ಲ."

ಕಾಕಾ ತೀರ್ಥ ತೆಗೆದುಕೊಂಡರು. ಆಮೇಲೆ ಎದ್ದುಹೋಗಿ ಸಾಮಾನು ಇಳಿಸಿದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಸಂತೋಷವಾಯಿತು. ಗೆಳತಿ ಇಲ್ಲೇ ಉಳಿಯುತ್ತಾಳೆ ಎಂಬ ಸಂತೋಷ. ಅದನ್ನು ಬಚ್ಚಿಡುವುದಿಲ್ಲ.

ಮರುದಿನ ನೀರಿನ ಹೌದದ, ಅಂದರೆ ಓಣಿಯ ತೊಟ್ಟಿಯ ಹತ್ತಿರ ಕಾಕು ಅವ್ವನ ಸೆರಗು ಹಿಡಿದು ನಿಲ್ಲಿಸಿದಳು. ಸುತ್ತ ಯಾರೂ ಇರಲಿಲ್ಲ, ಓಣಿಯೇ ಖಾಲಿ. ನಾನು ಕೊಡ ತೊಳೆಯುತ್ತಿದ್ದೆ.

"ಖರೇ ಹೇಳು," ಅಂದಳು ಕಾಕು. "ಗಂಟ ಎದ್ದಿತ್ತೇನು? ನೀನ ಮುಟ್ಟಿ ನೋಡಿದ್ದೇನು?"

"ಎದ್ದಿತ್ತು," ಅಂದಳು ಅವ್ವ.

"ಮತ್ತ ಇಳೀತು?"

"ಇಳೀತು."

ಎರಡೂ ಮಾತು ನಿಜ. ಕಾಕು ಅವ್ವನ ಸೆರಗು ಬಿಟ್ಟಳು. ಕೊಡ ಸೊಂಟಕ್ಕೆ ಇಟ್ಟುಕೊಂಡು, "ಹಂಗಾರ ನಾನೂ ಅಂಜೂದಿಲ್ಲ ಬಿಡು," ಅಂದಳು. ಅವಳು ತಿರುವು ದಾಟುವ ತನಕ ಅವ್ವ ಅಲ್ಲೇ ನಿಂತಿದ್ದಳು. ಅವಳ ಹಿಂದೆ ಎರಡು ಹೆಜ್ಜೆ ಓಡಿದಳು ಕೂಡ. ಆಮೇಲೆ ನಿಂತು, ನನ್ನನ್ನು ನೋಡಿ, ನಡಿ ಮನೆಗೆ ಅಂದಳು. ಕಾಕುವಿಗೆ ಹೇಳಿದರೆ ಕಾಕಾಗೆ ತಿಳಿಯುತ್ತದೆ, ಕಾಕಾಗೆ ತಿಳಿದರೆ ಕಚೇರಿಯಲ್ಲಿ ಅಪ್ಪನಿಗೆ. ಅವಳ ಲೆಕ್ಕ ಅಷ್ಟೇ ಇದ್ದಿರಬೇಕು.

ಅವತ್ತೇ ಮಧ್ಯಾಹ್ನ ಗೆಳತಿ ನಮ್ಮ ಮನೆಗೆ ಬಂದಳು. ಆಡುವಾಗ ನನ್ನ ರಟ್ಟೆ ಹಿಡಿದಳು, ನಾನು ಚೀರಿದೆ. ಅವಳು ನನ್ನ ಅಂಗಿಯ ತೋಳು ಮೇಲೆ ಸರಿಸಿ ನೋಡಿದಳು. ಬಾವು ಇನ್ನೂ ಇಳಿದಿರಲಿಲ್ಲ, ನಡುವೆ ಒಂದು ಕೆಂಪು ಚುಕ್ಕೆ.

"ಇದೇನ?" ಅಂದಳು.

"ಮೆಟ್ಟಲದಾಗ ಬಿದ್ದೆ," ಅಂದೆ.

ಅವಳು ಉಫ್ ಎಂದು ಊದಿದಳು. ನಂತರ ಆಟ ಮುಂದುವರಿಯಿತು. ಅವ್ವ ಹೇಳಿಕೊಟ್ಟ ಸುಳ್ಳು ಅದು, ನಾನು ಹತ್ತು ವರ್ಷದವಳು, ಇದೆಲ್ಲ ಸರಿ. ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಹೇಳಿಕೊಂಡಾಗಲೆಲ್ಲ ಅವಳು ಊದಿದ್ದು ನೆನಪಾಗುತ್ತದೆ.

ಮುಂದಿನ ವಾರ ಅವಳಿಗೆ ಜ್ವರ ಬಂತು. ಕಾಕಾ ಓಡಿಬಂದು ಅಪ್ಪನನ್ನು ಕರೆದುಕೊಂಡು ಹೋದರು. ಅಪ್ಪ ದೇವರ ಪೆಟ್ಟಿಗೆಯನ್ನೇ ಎತ್ತಿಕೊಂಡು ಹೋದ. ನಮ್ಮನ್ನು ಅವ್ವ ಕೋಣೆಯಲ್ಲಿ ಕೂಡಿಹಾಕಿದಳು. ಅಪ್ಪ ಆ ಮನೆಯಲ್ಲಿ ಎರಡು ದಿನ ಕೂತ. ನಮಗಾಗಿ ಹೇಗೆ ಕೂತಿದ್ದನೋ ಹಾಗೆಯೇ, ಅದೇ ಒದ್ದೆ ಪಂಚೆಯಲ್ಲಿ, ಅದೇ ತೀರ್ಥ ಹಿಡಿದು. ಮೂರನೆಯ ದಿನ ಬೆಳಿಗ್ಗೆ ಕಾಕುವಿನ ಗೋಳು ಓಣಿ ದಾಟಿ ಬಂತು. ಅಪ್ಪ ಪೆಟ್ಟಿಗೆ ಎತ್ತಿಕೊಂಡು ಮನೆಗೆ ಬಂದ. ಅವನಿಗೆ ಏನೂ ಆಗಲಿಲ್ಲ. ಸೂಜಿ ಹಾಕಿಸಿಕೊಳ್ಳದೆ, ಸಾಯುವವಳ ಹಾಸಿಗೆಯ ಪಕ್ಕದಲ್ಲೇ ಎರಡು ದಿನ ಕೂತವನಿಗೆ ಏನೂ ಆಗಲಿಲ್ಲ. ಯಾಕೆಂದು ಹುಡುಕುವುದನ್ನು ನಾನು ಬಿಟ್ಟಿದ್ದೇನೆ.

ಮುನಸಿಪಾಲ್ಟಿಯವರು ಬಂದು ಅವರ ಮನೆಯ ಹಾಸಿಗೆ ಬಟ್ಟೆ ಸುಟ್ಟು, ಗೋಡೆಗೆ ಸುಣ್ಣ ಬಳಿದು ಹೋದರು. ಅವ್ವ ಎರಡು ಸಲ ಆ ಮನೆಗೆ ಹೋದಳು. ಎರಡು ಸಲವೂ ಕಾಕು ಒಳಗಿನಿಂದ ಬಾಗಿಲು ತೆಗೆಯಲಿಲ್ಲ.

ಹದಿಮೂರು ದಿನ ಕಳೆದ ಮೇಲೆ, ಒಂದು ಬೆಳಿಗ್ಗೆ ಅಪ್ಪ ಉಣ್ಣುತ್ತಿದ್ದ. ಅವ್ವ ಸಾರು ಬಡಿಸುತ್ತಿದ್ದಳು. ಅಪ್ಪ ತನಗೆ ತಾನೇ ಹೇಳಿಕೊಂಡಂತೆ ಅಂದ: "ಅವರದು ನಂಬಿಕಿ ಗಟ್ಟಿ ಇರಲಿಲ್ಲ. ಸಾಮಾನ ಇಳಸಿದರೂ ಮನಸ ಗಾಡಿಯಾಗ ಇತ್ತು. ಅವಗ ಎಲ್ಲಾ ತಿಳೀತದ."

ಅವ್ವ ಸಾರಿನ ಪಾತ್ರೆಯನ್ನು ನೆಲಕ್ಕೆ ಇಟ್ಟಳು.

"ಆ ಕೂಸಿನ ತಾಯಿ ಎಂಟ ದಿನ ಒಂದಹೊತ್ತು ಉಂಡ ಇದ್ದಳು," ಅಂದಳು. "ನಂಬಿಕಿ ಇರಲಿಲ್ಲ ಅನಬ್ಯಾಡ್ರಿ. ನಮ್ಮ ಹುಡುಗ್ರಿಗೆ ಬಂದದ್ದು ಪ್ಲೇಗ ಅಲ್ಲ. ನಾ ಅವಕ್ಕೂ ನನಗೂ ಸೂಜಿ ಹಾಕಿಸಿಕೊಂಡ ಬಂದಿದ್ದೆ. ಅದು ಸೂಜಿ ಜ್ವರ."

ಅಪ್ಪನ ಕೈ ಎಲೆಯ ಮೇಲೆ ನಿಂತಿತು. ಅವ್ವ ರವಿಕೆಯ ತೋಳು ಮೇಲೆ ಸರಿಸಿ ಗುರುತು ತೋರಿಸಿದಳು. ಅಪ್ಪ ನೋಡಿದ. ಆಮೇಲೆ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿದೆ. ಅವನಿಗೆ ಅಷ್ಟೇ ಸಾಕಾಯಿತು. ಅವನು ಬಯ್ಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅವನು ಎದ್ದು ಕೈ ತೊಳೆದು, ಕೋಟು ಹಾಕಿ, ರುಮಾಲು ಸುತ್ತಿಕೊಂಡ. ಬಾಗಿಲಲ್ಲಿ ನಿಂತು ಹೇಳಿದ ಮಾತು ಒಂದೇ.

"ಈ ಮಾತು ಈ ಮನಿ ಬಿಟ್ಟು ಹೊರಗ ಹೋಗಬಾರದು."

ಅವತ್ತಿನ ತನಕ ಅಪ್ಪನ ತಪ್ಪು ನಂಬಿದವನ ತಪ್ಪಾಗಿತ್ತು. ಅವತ್ತಿನಿಂದ ಅದು ಬೇರೆಯಾಯಿತು. ಜನ ತೀರ್ಥಕ್ಕೆ ಬರುವುದು ನಿಲ್ಲಲಿಲ್ಲ, ಅವನು ಕೊಡುವುದನ್ನೂ ನಿಲ್ಲಿಸಲಿಲ್ಲ. ನಮ್ಮ ಕಥೆಯನ್ನು ಬೇರೆಯವರು ನಮ್ಮ ಎದುರಿಗೇ ಹೇಳಿದರೆ ಕಣ್ಣು ಮುಚ್ಚಿ ಕೇಳುತ್ತಿದ್ದ. ಮರುವರ್ಷ ಪಕ್ಕದ ವಾಡೆಯಲ್ಲಿ ಇಲಿ ಬಿತ್ತು ಎಂಬ ಸುದ್ದಿ ಬಂದದ್ದೇ ತಡ, ಎಲ್ಲರಿಗಿಂತ ಮೊದಲು ಗಾಡಿ ತಂದವನು ಅಪ್ಪನೇ. ಯಾಕೆಂದು ಕೇಳಿದವರಿಗೆ ಕಚೇರಿಯ ಹುಕುಮು ಅಂದ. ನದಿಯಾಚೆಯ ಗುಡಿಸಲಿನಲ್ಲಿ ದೇವರ ಪೆಟ್ಟಿಗೆಗೆ ಒಂದು ಮಣೆ ಹಾಕಿ, ಒಂದು ತಾಸಿನ ಬದಲು ಎರಡು ತಾಸು ಕೂಡತೊಡಗಿದ. ಅಲ್ಲಿ ಕೂತು ಅವನು ಏನು ಕೇಳುತ್ತಿದ್ದನೋ ನನಗೆ ತಿಳಿಯದು. ಅವನು ಸಾಯುವ ತನಕ ಅವನೂ ನಾನೂ ಆ ವಿಷಯ ಆಡಲಿಲ್ಲ.

ಅವ್ವನೊಂದಿಗೆ ಒಮ್ಮೆ ಆಡಿದೆ. ನನಗೆ ಅದೇ ಊರಿನಲ್ಲಿ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಅವ್ವ ಅಕ್ಕಿ ಆರಿಸುತ್ತಿದ್ದಳು. ಸೂಜಿಯ ಸಾಲಿನಲ್ಲಿ ನಿಂತಾಗ ಹೆದರಿಕೆಯಾಗಿತ್ತೇ ಎಂದು ಕೇಳಿದೆ.

"ಜೀವ ಹೋದಂಗಾಗಿತ್ತು," ಅಂದಳು. "ನನ್ನ ಕೈಯಾರೆ ನಿಮ್ಮನ್ನ ಕೊಲ್ಲಾಕತ್ತೇನೋ ಏನೋ ಅಂತ. ಆದರ ಪ್ರಾಣದೇವರ ಹೆಸರ ಹೇಳಕೋತ ನಿಂತೆ, ಕಾಲ ಹಿಂದ ಸರೀಲಿಲ್ಲ. ಅಷ್ಟ ಧೈರ್ಯ ಅವನ ಕೊಟ್ಟ. ಹೌದದ ಹಂತ್ಯಾಕ ನಿಂತಾಗೂ ಕೊಡತಿದ್ದನೋ ಏನೋ. ನಾ ಕೇಳಲಿಲ್ಲ. ಸೂಜಿಗೆ ಅಂಜಿದಾಗ ದೇವರನ್ನ ನೆನೆದೆ, ಗಂಡಗ ಅಂಜಿದಾಗ ನೆನೀಲಿಲ್ಲ."

ಮತ್ತೆ ಅಕ್ಕಿಗೆ ಕೈ ಹಾಕಿದಳು. ದೇವರನ್ನು ನಂಬುವುದೆಂದರೇನು ಎಂಬುದರ ಬಗ್ಗೆ ಪುರಾಣದವರಿಂದ, ಸ್ವಾಮಿಗಳಿಂದ ಬಹಳ ಕೇಳಿದ್ದೇನೆ. ಅವ್ವನ ಈ ಮಾತಿನಷ್ಟು ನನ್ನನ್ನು ಚುಚ್ಚಿದ್ದು ಯಾವುದೂ ಇಲ್ಲ. ಬಾಗಿಲು ಮುಚ್ಚಿ ಕೂತು ಕಾಯುವುದೇ ನಂಬಿಕೆ ಎಂದು ಅಪ್ಪ ತಿಳಿದಿದ್ದ. ಅವ್ವ ಅದೇ ದೇವರ ಹೆಸರು ಹಿಡಿದು ಭಯದ ಎದುರಿಗೆ ನಡೆದುಹೋದಳು, ಅರ್ಧ ದಾರಿ ಮಾತ್ರ. ಉಳಿದ ಅರ್ಧದಲ್ಲಿ ಇನ್ನೊಬ್ಬರ ಮಗಳು ಇದ್ದಳು.

ಅಪ್ಪ ಅವ್ವ ಇಬ್ಬರೂ ಹೋಗಿ ಎಷ್ಟೋ ವರ್ಷಗಳ ಮೇಲೆ, ನದಿಯ ಘಾಟಿನ ಗುಡಿಯಲ್ಲಿ ಕಾಕಾ ಸಿಕ್ಕರು. ಬಹಳ ಮುದುಕರಾಗಿದ್ದರು, ನಾನೇ ಗುರುತು ಹೇಳಬೇಕಾಯಿತು. ಕಾಕು ತೀರಿಕೊಂಡು ನಾಲ್ಕು ವರ್ಷವಾಗಿತ್ತಂತೆ. ಗುಡಿಯ ಹಿಂದಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಮಾತಿನ ನಡುವೆ ತಾವಾಗಿಯೇ, "ನಿಮ್ಮಪ್ಪನ ಭಕ್ತಿ ಭಕ್ತಿ. ನಮ್ಮ ಪಾಪ ದೊಡ್ಡದಿತ್ತು," ಅಂದರು.

ಮೂವತ್ತು ವರ್ಷ ಅವರು ಹಾಗೆಂದುಕೊಂಡೇ ಬದುಕಿದ್ದರು. ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಶಾಲೆಯ ಪಡಸಾಲೆ, ಜ್ವರ, ಹೌದದ ಹತ್ತಿರದ ಮಾತು, ನನ್ನ ರಟ್ಟೆ. ಅವರು ನೀರಿನ ಕಡೆ ನೋಡುತ್ತ ಕೇಳಿದರು.

"ಅಕಿಗೆ ಹೇಳಬೇಕಿತ್ತು," ಅಂದರು ಕೊನೆಗೆ. ಕಾಕುವಿನ ಬಗ್ಗೆ ಆಡಿದ ಮಾತು. "ನಾನೇ ಏನೋ ಕಡಿಮಿ ಮಾಡಿದೆ ಅನಕೋತ ಹೋದಳು."

"ತಪ್ಪಾತು ಕಾಕಾ," ಅಂದೆ.

"ನೀ ಹೇಳಿ ಹಗುರಾದಿ," ಅಂದರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. "ಇಷ್ಟ ದಿನ ದೇವರು ನನ್ನ ಮೊರಿ ಕೇಳಲಿಲ್ಲ ಅಂತ ತಿಳಿದಿದ್ದೆ. ಕೇಳಿದ್ದಾ ಏನೋ. ಒಂದ ಓಣಿ ಆಚೆ ನಿಮ್ಮವ್ವನ ಬಾಯಾಗ ಉತ್ತರ ಇಟ್ಟಿದ್ದಾ. ಈಗ ಯಾರನ್ನ ಬೈಲಿ ನಾ?"

ಅವರು ಕೋಲು ಊರಿ ಎದ್ದರು. ಕೈ ಕೊಡಲು ಹೋದೆ, ಬೇಡವೆಂದರು. ಒಳಗೆ ಆರತಿಗೆ ಗಂಟೆ ಬಾರಿಸುತ್ತಿದ್ದರು. ಕಾಕಾ ಆ ಕಡೆ ಹೋಗಲಿಲ್ಲ. ಗೋಡೆ ಹಿಡಿದು ನಿಧಾನವಾಗಿ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.